ಫೋಟೋದಾಗ ಬ್ಯಾರೆನ ಕಾಣ್ತಿದ್ಲಲ್ರಿ

“ಈಗಿನ ಹುಡುಗ್ಯಾರು ಮೊಬೈಲ್ ನೋಡಿ ನೋಡಿನ ಕೆಟ್ಟಾರ.”

ಊರಿಗೆ ಹೋದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತೆ. ನಮ್ಮೂರು ಶಲವಡಿ. ಧಾರವಾಡ ಜಿಲ್ಲೆಯ ಅಣ್ಣಿಗೇರಿ, ನವಲಗುಂದ ಕಡೆಯ ಎರಿ ಸೀಮೆ. ಗುಡಿ ಕಟ್ಟೆ ಮೇಲೆ ಕೂತ ಕಾಕಾಗಳು ಹೇಳ್ತಾರೆ, ಹಾಲು ಕೊಡೋಕೆ ಬಂದ ದೊಡ್ಡವ್ವ ಹೇಳ್ತಾಳೆ. ಬೆಂಗಳೂರಿಗೆ ವಾಪಸ್ ಬಂದರೆ ಆಫೀಸಿನ ಊಟದ ಟೇಬಲ್ಲಿನಲ್ಲೂ ಅದೇ ಮಾತು, ಸ್ವಲ್ಪ ಇಂಗ್ಲಿಷ್ ಬೆರೆಸಿ. ಇನ್‌ಸ್ಟಾಗ್ರಾಂ ನೋಡಿ ಹುಡುಗಿಯರಿಗೆ ತಮ್ಮ ಮೈ ಮುಖದ ಮೇಲೇ ಬೇಸರ ಬಂದುಬಿಟ್ಟಿದೆ, ಸೆಲ್ಫ್ ಕಾನ್ಫಿಡೆನ್ಸೇ ಇಲ್ಲ, ಪಾಪ.

ಈ ‘ಪಾಪ’ದ ಮೇಲೆ ನನಗೆ ಸಿಟ್ಟಿದೆ. ಕಟ್ಟೆಯ ಕಾಕಾ ಪ್ರಕಾರ ಹುಡುಗಿಗೆ ಸೊಕ್ಕು ಬಂದಿದೆ, ನಮ್ಮ ಸಹೋದ್ಯೋಗಿಗಳ ಪ್ರಕಾರ ಆತ್ಮವಿಶ್ವಾಸ ಹೋಗಿದೆ. ರೋಗದ ಹೆಸರು ಬೇರೆ ಬೇರೆ, ರೋಗಿ ಮಾತ್ರ ಇಬ್ಬರಿಗೂ ಆಕೆಯೇ. ಕಾಕಾ ಆಕೆಯ ಫೋನ್ ಕಸಿಯೋಕೆ ಹೊರಡ್ತಾರೆ, ಇವರು ಆಕೆಗೆ ‘ನಿನ್ನನ್ನು ನೀನು ಪ್ರೀತಿಸು’ ಅಂತ ಉಪದೇಶ ಮಾಡೋಕೆ ಹೊರಡ್ತಾರೆ. ಆಕೆಯ ಮುಖದಲ್ಲಿ ಕೊರತೆ ಇದೆ ಅಂತ ಆಕೆಗೆ ಹೇಳಿಕೊಟ್ಟವರು ಯಾರು, ಅದರಿಂದ ದುಡ್ಡು ಮಾಡಿಕೊಂಡವರು ಯಾರು, ಅದನ್ನೇ ಹಿಡಿದು ಮದುವೆ ಚೌಕಾಸಿ ಮಾಡಿದವರು ಯಾರು? ಅವರ ಹೆಸರು ಎರಡೂ ಕಡೆ ಬರೋದಿಲ್ಲ. ನನ್ನ ತಕರಾರು ಅಲ್ಲಿದೆ.

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ಈ ಚಟ ಫೋನಿನ ಜೊತೆ ಬಂದದ್ದಲ್ಲ. ನಮ್ಮ ಸೀಮೆಯಲ್ಲಿ ಹೊಲ ಕರ್ರಗಿದ್ದಷ್ಟೂ ರೇಟು ಜಾಸ್ತಿ, ಹುಡುಗಿ ಕರ್ರಗಿದ್ದಷ್ಟೂ ವರದಕ್ಷಿಣೆ ಜಾಸ್ತಿ. ಹುಡುಗಿಯ ಬಣ್ಣ ಹೇಳೋಕೆ ನಮ್ಮಲ್ಲಿರುವಷ್ಟು ಮಾತು ಬೇರೆ ಯಾವುದಕ್ಕೂ ಇಲ್ಲ. ಗೋಧಿ ಬಣ್ಣ, ಎಣ್ಣೆಗೆಂಪು, ಸಾದಗಪ್ಪು. ವಿಠೋಬ ಕಪ್ಪು, ಕೃಷ್ಣ ಕಪ್ಪು, ಇಬ್ಬರಿಗೂ ಕೈ ಮುಗೀತೀವಿ. ಸೊಸೆ ಮಾತ್ರ ಬೆಳ್ಳಗಿರಬೇಕು. ಫೇರ್ ಅಂಡ್ ಲವ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಮೊದಲು ಮದುವೆ ಆಗದ ಹುಡುಗಿ, ಆಮೇಲೆ ಕೆಲಸ ಸಿಗದ ಹುಡುಗಿ, ಹೀಗೆ ಜಾಹೀರಾತಿನ ಕತೆ ಕಾಲಕ್ಕೆ ತಕ್ಕಂತೆ ಬದಲಾಯಿತು. 2020ರಲ್ಲಿ ಜಗತ್ತೆಲ್ಲ ಬಣ್ಣಭೇದದ ಬಗ್ಗೆ ಮಾತಾಡುವಾಗ ಕಂಪನಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿತು. ಊರಿನ ಅಂಗಡಿಯಲ್ಲಿ ಹೋಗಿ ಕೇಳಿ, ಹಳೇ ಹೆಸರು ಹೇಳಿದರೂ ಅದನ್ನೇ ಕೊಡ್ತಾರೆ.

ಹಾಗಾದರೆ ಫೋನು ಬದಲಾಯಿಸಿದ್ದೇನು?

ಒಂದು, ಲೆಕ್ಕ. ಮೊದಲು “ಏನವಾ, ಇಷ್ಟ್ ಕರ್ರಗಾಗಿಯಲ್ಲ” ಅನ್ನೋ ಮಾತು ಜಾತ್ರೆಗೊಮ್ಮೆ, ಮದುವೆಗೊಮ್ಮೆ ಬೀಳ್ತಿತ್ತು. ಹೊಡೆತ ಬಿದ್ದರೂ ಮಾಯೋಕೆ ಟೈಮ್ ಸಿಗ್ತಿತ್ತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರಲ್ಲಿ ಶಾಲೆ ಕಾಲೇಜು ಮುಚ್ಚಿ ಆನ್‌ಲೈನ್ ಕ್ಲಾಸ್ ಶುರುವಾದಾಗ, ಹುಡುಗಿಗೆ ಫೋನ್ ಯಾಕೆ ಅಂತಿದ್ದ ಮನೆಗಳೂ ಫೋನ್ ಕೊಡಿಸಿದವು. ಅದೇ ವರ್ಷ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧ ಆಯಿತು, ಜುಲೈನಲ್ಲಿ ರೀಲ್ಸ್ ಬಂತು. ಆಗಿನಿಂದ ಆ ಮಾತು ದಿನಕ್ಕೆ ನೂರು ಸಲ, ನೂರು ಮುಖದಲ್ಲಿ, ಬೈಗುಳದ ಬದಲು ಟಿಪ್ಸ್ ರೂಪದಲ್ಲಿ ಬರ್ತಿದೆ.

ಎರಡು, ಯಾರ ಜೊತೆ ಹೋಲಿಕೆ ಅನ್ನೋದು. ಸಿನಿಮಾ ಹೀರೋಯಿನ್ ದೇವರ ಫೋಟೋ ಇದ್ದಂಗೆ, ಗೋಡೆ ಮೇಲೆ ಇರ್ತಾಳೆ. ಅಂಥವಳು ನಾನ್ಯಾಕಿಲ್ಲ ಅಂತ ಯಾವ ಹುಡುಗಿಯೂ ನಿದ್ದೆಗೆಡೋದಿಲ್ಲ. ಆದರೆ ರೀಲ್ಸಿನಲ್ಲಿ ಬರೋಳು ಹುಬ್ಬಳ್ಳಿಯ ವಿದ್ಯಾನಗರದವಳು, ಗದಗಿನವಳು, ತನ್ನದೇ ಕ್ಲಾಸಿನವಳು, ಬೆಂಗಳೂರಿಗೆ ಕೆಲಸಕ್ಕೆ ಹೋದ ತನ್ನ ದೊಡ್ಡಪ್ಪನ ಮಗಳು. ಅವಳು ಹಂಗಾಗಬಹುದಾದರೆ ನಾನ್ಯಾಕಾಗಬಾರದು? ಈ ಪ್ರಶ್ನೆ ದೇವರ ಫೋಟೋ ನೋಡಿ ಹುಟ್ಟೋದಿಲ್ಲ, ಪಕ್ಕದ ಮನೆಯವಳನ್ನ ನೋಡಿ ಹುಟ್ಟುತ್ತೆ.

ಮೂರನೆಯದು ಎಲ್ಲಕ್ಕಿಂತ ಕ್ರೂರ. ಅದಕ್ಕೆ ನನ್ನ ಸಂಬಂಧಿಕರ ಹುಡುಗಿಯೊಬ್ಬಳ ಕತೆ ಹೇಳಬೇಕು. ಹೆಸರು ಬೇಡ. ಡಿಗ್ರಿ ಕೊನೆಯ ವರ್ಷ. ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರ್ತಿದ್ದಳು, ರಜೆ ಇದ್ದಾಗ ಅವ್ವನ ಜೊತೆ ಹತ್ತಿ ಬಿಡಿಸೋಕೆ ಹೊಲಕ್ಕೂ ಹೋಗ್ತಿದ್ದಳು. ಮನೆಯಲ್ಲಿ ಗಂಡು ನೋಡೋಕೆ ಶುರು ಮಾಡಿದ್ರು. ಬಯೋಡಾಟಾಕ್ಕೆ ಫೋಟೋ ಬೇಕಲ್ಲ, ಅಣ್ಣ ತನ್ನ ಫೋನಿನಲ್ಲಿ ತೆಗೆದ. ಈಗಿನ ಎಷ್ಟೋ ಫೋನುಗಳ ಕ್ಯಾಮೆರಾದಲ್ಲಿ ಬ್ಯೂಟಿ ಮೋಡ್ ಮೊದಲೇ ಆನ್ ಆಗಿರುತ್ತೆ. ಯಾರೂ ಕೇಳದಿದ್ದರೂ ಚರ್ಮ ನುಣ್ಣಗಾಗುತ್ತೆ, ಬಣ್ಣ ಒಂದು ಹಂತ ಏರುತ್ತೆ. ಆ ಫೋಟೋ ಪ್ರಿಂಟ್ ಹಾಕಿಸೋಕೆ ಅಂಗಡಿಗೆ ಹೋಯಿತು. ಅಲ್ಲಿಯ ಹುಡುಗ ಇನ್ನೊಂದು ಹಂತ ಏರಿಸಿ, “ಚಂದ ಮಾಡಿ ಕೊಟ್ಟೇನ್ರಿ” ಅಂದನಂತೆ. ಅಣ್ಣನ ಫೋನು, ಅಂಗಡಿಯವನ ಕಂಪ್ಯೂಟರು. ಇದರಲ್ಲಿ ಹುಡುಗಿಯ ಕೈಯಿಂದ ಆದದ್ದು ಏನೂ ಇಲ್ಲ.

ಗಂಡಿನ ಕಡೆಯವರು ಬಂದ್ರು. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ನಿಮ್ಮ ಪಕ್ಕದ ಡೆಸ್ಕಿನಲ್ಲೇ ಕೂರೋ ಹುಡುಗ ಇರಬಹುದು, ಒಳ್ಳೆಯವನಂತೆಯೇ ಕಾಣ್ತಿದ್ದ. ಅವಲಕ್ಕಿ ಆಯಿತು, ಚಹಾ ಆಯಿತು. ಹುಡುಗನ ಅತ್ತಿ ಫೋನ್ ತೆಗೆದಳು. ಒಮ್ಮೆ ಫೋನ್ ನೋಡಿದಳು, ಒಮ್ಮೆ ಹುಡುಗಿ ಮುಖ ನೋಡಿದಳು.

“ಫೋಟೋದಾಗ ಬ್ಯಾರೆನ ಕಾಣ್ತಿದ್ಲಲ್ರಿ.”

ಹುಡುಗಿಯ ಅವ್ವ, “ಹೊಲದಾಗ ಬಿಸಲಿಗೆ ಹಂಗ ಆಗೇತ್ರಿ, ನಾಕ್ ದಿನ ಮನ್ಯಾಗ ಇದ್ರ ಬಣ್ಣ ಬರತೇತಿ” ಅಂತ ಸಮಜಾಯಿಷಿ ಕೊಟ್ಟಳು. ತನ್ನ ಜೊತೆ ದುಡಿದದ್ದಕ್ಕೆ ಮಗಳ ಪರವಾಗಿ ಆಕೆ ಕ್ಷಮೆ ಕೇಳಿದಂಗಿತ್ತು ಅದು. ಹುಡುಗ ತಲೆ ತಗ್ಗಿಸಿ ತನ್ನ ಫೋನ್ ನೋಡ್ತಾ ಕೂತಿದ್ದ. “ಹೋಗಿ ತಿಳಸ್ತೇವ್ರಿ” ಅಂದರು. ತಿಳಿಸಲಿಲ್ಲ.

ಇದನ್ನ ಸ್ವಲ್ಪ ಯೋಚನೆ ಮಾಡಿ. ನಮ್ಮ ಅವ್ವಂದಿರ ಕಾಲದಲ್ಲಿ ಹುಡುಗಿಯನ್ನ ಅಕ್ಕನಿಗೆ, ತಂಗಿಗೆ, ಓಣಿಯ ಇನ್ನೊಬ್ಬಳಿಗೆ ಹೋಲಿಸ್ತಿದ್ರು. ಈ ಹುಡುಗಿಯನ್ನ ಹೋಲಿಸಿದ್ದು ಅವಳದೇ ಫೋಟೋಕ್ಕೆ. ಅವಳಿಗೆ ಅವಳೇ ಸಾಲದೆ ಹೋದಳು. ಬೇರೆಯವಳ ಚಂದ ನೋಡಿ ಹೊಟ್ಟೆ ಉರಿಸಿಕೊಂಡರೆ ‘ನಿನ್ನ ಚಂದ ನಿನಗೆ’ ಅಂತ ಸಮಾಧಾನ ಹೇಳಬಹುದಿತ್ತು. ಫಿಲ್ಟರಿನ ಮುಂದೆ ಆ ಸಮಾಧಾನವೂ ಕೆಲಸ ಮಾಡೋದಿಲ್ಲ. ಯಾಕಂದರೆ ಅಲ್ಲಿ ಕಾಣೋಳು ನೀನೇ, ನಿನ್ನದೇ ಮೂಗು, ನಿನ್ನದೇ ಕಣ್ಣು. ಸ್ವಲ್ಪ ತಿದ್ದಿಕೊಂಡರೆ ನೀನು ಹಿಂಗಿರಬಹುದಿತ್ತು ಅಂತ ಕನ್ನಡಿಯೇ ಹೇಳಿದರೆ ಯಾರನ್ನ ಬೈಯೋದು?

ಆಮೇಲೆ ಆಗಬೇಕಾದದ್ದೇ ಆಯಿತು. ರೀಲ್ಸಿನಲ್ಲಿ ಕಂಡ ಕ್ರೀಮಿನ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ ಔಷಧಿ ಅಂಗಡಿಯಲ್ಲಿ ಕೇಳಿದಳು. ಸಣ್ಣ ಟ್ಯೂಬು. ಡಾಕ್ಟರ್ ಚೀಟಿ ಯಾರೂ ಕೇಳಲಿಲ್ಲ. ಎರಡು ವಾರದಲ್ಲಿ ಮುಖ ನಿಜವಾಗಿಯೂ ಬೆಳ್ಳಗಾಯಿತು. ಮನೆಯವರೆಲ್ಲ ಖುಷಿ. ಮೂರ್ನಾಲ್ಕು ತಿಂಗಳಾದ ಮೇಲೆ ಬಿಸಿಲಿಗೆ ಹೋದರೆ ಉರಿ, ಕೆನ್ನೆ ತುಂಬ ಗುಳ್ಳೆ, ಗಲ್ಲದ ಮೇಲೆ ಕೂದಲು. ಹಚ್ಚೋದು ಬಿಟ್ಟರೆ ಮುಖ ಕೆಂಪಗೆ ಬಾತುಕೊಳ್ಳೋದು. ಹುಬ್ಬಳ್ಳಿಯ ಚರ್ಮದ ಡಾಕ್ಟರು ಟ್ಯೂಬ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ, “ಇದನ್ನ ಯಾರು ಬರದು ಕೊಟ್ರವಾ?”

ಇಂಥ ಟ್ಯೂಬಿನಲ್ಲಿ ಇರೋದು ಸಾಮಾನ್ಯವಾಗಿ ಸ್ಟೀರಾಯ್ಡ್, ಜೊತೆಗೆ ಹೈಡ್ರೋಕ್ವಿನೋನ್ ಮತ್ತು ಟ್ರೆಟಿನೋಯಿನ್. ಚರ್ಮದ ಕಾಯಿಲೆಗೆ ಡಾಕ್ಟರು ಲೆಕ್ಕ ಹಾಕಿ ಕೊಡುವ ಔಷಧಿ ಇದು, ಪೌಡರಿನ ಹಾಗೆ ದಿನಾ ಹಚ್ಚೋದಲ್ಲ. ಶುರುವಿನಲ್ಲಿ ರಕ್ತನಾಳ ಸಂಕುಚಿಸಿ, ಬಣ್ಣ ತಯಾರಾಗೋದು ತಗ್ಗಿ ಮುಖ ಬೆಳ್ಳಗೆ ಕಾಣುತ್ತೆ. ಆಮೇಲೆ ಚರ್ಮ ತೆಳ್ಳಗಾಗುತ್ತೆ. ಬಿಟ್ಟರೆ ಉರಿ, ಹಚ್ಚಿದರೆ ಹಾಳು. ಹೀಗೆ ಹಾಳಾದ ಮುಖಕ್ಕೆ ಚರ್ಮವೈದ್ಯರು ಒಂದು ಹೆಸರನ್ನೇ ಇಟ್ಟಿದ್ದಾರೆ, ‘ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್’. ಒಂದು ತೊಂದರೆಗೆ ಪ್ರತ್ಯೇಕ ಹೆಸರು ಇಡಬೇಕಾಗಿ ಬಂದಿದೆ ಅಂದರೆ ಅಂಥ ಮುಖಗಳು ಎಷ್ಟಿರಬೇಕು ನೋಡಿ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಕಾನೂನು ಪುಸ್ತಕದಲ್ಲಿದೆ, ಟ್ಯೂಬು ಗಲ್ಲಾದ ಮೇಲಿದೆ.

ಇದು ಹಳ್ಳಿಯವರ ತಿಳಿವಳಿಕೆ ಕಡಿಮೆ ಅಂತ ಅನ್ನಬೇಡಿ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಮೂತ್ರಪಿಂಡದ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಬಂದ ಒಂದು ಅಪರೂಪದ ಕಿಡ್ನಿ ಕಾಯಿಲೆಯ 22 ಪ್ರಕರಣಗಳನ್ನ ಪರಿಶೀಲಿಸಿದರು. ಅದರಲ್ಲಿ 15 ಒಂದೇ ವಿಶೇಷ ಬಗೆಯವು. ಆ 15 ಮಂದಿಯಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಹಚ್ಚಿಕೊಂಡವರು. ವೈದ್ಯರು ಬೆರಳು ಮಾಡಿದ್ದು ಕ್ರೀಮಿನಲ್ಲಿದ್ದ ಪಾದರಸದ ಕಡೆಗೆ. ಓದು ಬರಹದಲ್ಲಿ ದೇಶದ ಮುಂಚೂಣಿ ರಾಜ್ಯಗಳಲ್ಲಿ ಒಂದು ಅದು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಇಳಿಯುತ್ತೆ ಅಂತ ಯಾವ ರೀಲ್ಸೂ ಹೇಳೋದಿಲ್ಲ.

ಬೆಂಗಳೂರಿನ ಮಾತಿಗೆ ಬರೋಣ. 2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹೋಗಿ ತೀರಿಕೊಂಡರು. ನೋಡಲು ಚಂದ ಇದ್ದಾರೆ ಅಂತಲೇ ಟಿವಿಗೆ ಬಂದ ಹೆಣ್ಣುಮಗಳು. ಅವರಿಗೂ ಸಾಲಲಿಲ್ಲ. ಸುದ್ದಿ ಬಂದ ದಿನ ಎಲ್ಲ ಕಡೆ ಕೇಳಿದ್ದು ಒಂದೇ ಮಾತು, ‘ಅಷ್ಟು ಚಂದ ಇದ್ದಳು, ಯಾಕೆ ಬೇಕಿತ್ತು ಅವಳಿಗೆ ಇದು?’ ಸತ್ತ ಮೇಲೂ ಪ್ರಶ್ನೆ ಅವಳಿಗೇ! ಸೊಂಟದ ಅಳತೆ ನೋಡಿ ಪಾತ್ರ ಕೊಡುವ ದಂಧೆಯನ್ನ, ಫೋಟೋ ಕೆಳಗೆ ‘ದಪ್ಪ ಆಗಿದೀರ’ ಅಂತ ಬರೆಯುವ ಬೆರಳುಗಳನ್ನ ಯಾರೂ ಕೇಳಲಿಲ್ಲ.

ಊರಲ್ಲೂ ಈಗ ಹುಡುಗಿಯರು ರೊಟ್ಟಿ ಬಿಟ್ಟಿದ್ದಾರೆ. ಕಾರ್ಬ್ಸ್ ಬೇಡ ಅಂತ ರೀಲ್ಸಿನಲ್ಲಿ ಹೇಳಿದ್ದಾರಂತೆ. ಹೇಳಿದವಳು ಊಟ ಬಿಟ್ಟರೆ ಅವಳ ಮುಂದೆ ಮೊಟ್ಟೆ, ಬಾದಾಮಿ, ಪ್ರೋಟೀನ್ ಪುಡಿ ಇರುತ್ತೆ. ಇವಳು ರೊಟ್ಟಿ ಬಿಟ್ಟರೆ ಉಳಿಯೋದು ಚಹಾ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲೂ ಹೆಚ್ಚೂಕಡಿಮೆ ಅರ್ಧದಷ್ಟು. ಮೈಯಲ್ಲಿ ರಕ್ತವೇ ಇಲ್ಲದ ಹುಡುಗಿಗೆ ‘ತೆಳ್ಳಗಾಗು’ ಅಂತ ಕಲಿಸೋದಕ್ಕೆ ಫಿಟ್ನೆಸ್ ಅನ್ನೋ ಹೆಸರು ಬೇರೆ.

ಇನ್ನು ಕಂಪನಿಯವರು. ಅವರಿಗೆ ಗೊತ್ತಿಲ್ಲದೆ ಇದೆಲ್ಲ ಆಗ್ತಿದೆ ಅಂದುಕೊಳ್ಳಬೇಡಿ. 2021ರ ಸೆಪ್ಟೆಂಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳನ್ನ ಹೊರಗೆ ಹಾಕಿತು. ಹೊರಗೆ ತಂದವರು ಅಲ್ಲೇ ಕೆಲಸ ಮಾಡಿದ ಫ್ರಾನ್ಸಿಸ್ ಹೌಗನ್. ಹದಿಹರೆಯದ ಹುಡುಗಿಯರಲ್ಲಿ ಮೂವರಿಗೊಬ್ಬಳ ಮಟ್ಟಿಗೆ, ತನ್ನ ಮೈ ಬಗ್ಗೆ ಅವಳಿಗಿದ್ದ ಕೊರಗನ್ನ ಇನ್‌ಸ್ಟಾಗ್ರಾಂ ಹೆಚ್ಚು ಮಾಡುತ್ತೆ ಅನ್ನೋ ಅರ್ಥದ ಸಾಲು ಕಂಪನಿಯ ಸ್ವಂತ ಸಂಶೋಧಕರು 2019ರಲ್ಲೇ ತಯಾರಿಸಿದ ಸ್ಲೈಡಿನಲ್ಲಿತ್ತು. ಪತ್ರಿಕೆ ಅದನ್ನ ತಪ್ಪಾಗಿ ಬಿಂಬಿಸಿದೆ ಅಂತ ಕಂಪನಿ ವಾದ ಮಾಡಿತು. 2023ರ ಅಕ್ಟೋಬರಿನಲ್ಲಿ ಅಮೆರಿಕದ 40ಕ್ಕೂ ಹೆಚ್ಚು ರಾಜ್ಯಗಳು ಕೋರ್ಟಿಗೆ ಹೋದವು.

ಅವರ ಲೆಕ್ಕ ಬಹಳ ಸರಳ. ಯಾವ ವಿಡಿಯೋ ಮುಂದೆ ನಿನ್ನ ಬೆರಳು ನಿಂತಿತೋ ಅಂಥದ್ದೇ ಇನ್ನಷ್ಟು ತೋರಿಸು. ಖುಷಿಯಿಂದ ನಿಂತಳೋ, ಸಂಕಟದಿಂದ ನಿಂತಳೋ ಯಂತ್ರಕ್ಕೆ ಬೇಕಾಗಿಲ್ಲ. ಶಲವಡಿಯ ಹುಡುಗಿ ರಾತ್ರಿ ಚಾದರದೊಳಗೆ ಒಂದು ಸಲ ‘ಬೆಳ್ಳಗಾಗುವುದು ಹೇಗೆ’ ಅಂತ ಹುಡುಕಿದರೆ ಸಾಕು, ಬೆಳಗಾಗೋದರೊಳಗೆ ಅವಳ ಫೋನ್ ತುಂಬ ಅದೇ. ಯಾವ ಗಾಯ ಎಲ್ಲಿದೆ ಅಂತ ಗೊತ್ತಾದ ಮೇಲೆ ಅಲ್ಲೇ ಮುಲಾಮಿನ ಜಾಹೀರಾತು ತಂದು ಹಾಕೋದೇ ವ್ಯಾಪಾರ. ಸಮಾಧಾನದಿಂದಿರುವ ಹುಡುಗಿ ಏನನ್ನೂ ಕೊಳ್ಳೋದಿಲ್ಲ.

ಈಗ ಹೊಸದೊಂದು ತಳಿ ಬಂದಿದೆ. ಮೇಕಪ್ ಇಲ್ಲದ ಮುಖ ಅಂತ ತೋರಿಸಿ, ‘ನೀನಿರೋ ಹಾಗೇ ಚಂದ’ ಅಂತ ಕಣ್ಣಲ್ಲಿ ನೀರು ತರಿಸಿ, ಕೊನೆಗೆ ಸೀರಮ್ ಮಾರೋರು. ಇದನ್ನ ನಮ್ಮ ನಗರದ ಗೆಳತಿಯರು ಬಹಳ ಮೆಚ್ಚಿಕೊಂಡು ಶೇರ್ ಮಾಡ್ತಾರೆ. ನನಗೆ ಇದು ಹಳೇ ಕ್ರೀಮಿಗಿಂತ ಹೆಚ್ಚು ಕಿರಿಕಿರಿ. ಮೊದಲು ಬೆಳ್ಳಗಿಲ್ಲದ್ದು ತಪ್ಪಾಗಿತ್ತು. ಈಗ ಬೆಳ್ಳಗಿಲ್ಲದ್ದೂ ತಪ್ಪು, ಅದಕ್ಕೆ ಬೇಜಾರಾಗೋದು ಇನ್ನೊಂದು ತಪ್ಪು. ಫೋಟೋ ಹಿಡಿದು ಮುಖ ಅಳೆಯೋರ ಮುಂದೆ ಚಹಾದ ತಟ್ಟೆ ಹಿಡಿದು ನಿಲ್ಲಬೇಕಾದ ಹುಡುಗಿಗೆ ಆತ್ಮಪ್ರೀತಿಯ ಪಾಠ ಹೇಳೋದು ಅಂದರೆ, ಹೊಡೆಯೋನನ್ನ ಬಿಟ್ಟು ಹೊಡೆತ ತಿನ್ನೋಳಿಗೆ ‘ಗಟ್ಟಿಯಾಗು’ ಅಂದಂಗೆ. ಅವಳ ಭಯ ಮನಸ್ಸಿನ ಕಾಯಿಲೆಯಲ್ಲ, ಅವಳು ಕಣ್ಣಾರೆ ಕಂಡದ್ದು. ಬಣ್ಣದ ಮೇಲೆ ಸಂಬಂಧ ಮುರಿದದ್ದನ್ನ ಅವಳು ನೋಡಿದ್ದಾಳೆ.

ಮತ್ತೆ ಆ ಹುಡುಗಿಗೆ ಏನಾಯಿತು ಅಂತ ಕೇಳ್ತೀರಾ? ಫೋನ್ ಕಸಿದುಕೊಂಡ್ರು. ಕ್ರೀಮ್ ಮಾರಿದವನ ಹತ್ತಿರ ಯಾರೂ ಜಗಳಕ್ಕೆ ಹೋಗಲಿಲ್ಲ, ಫೋಟೋ ಬೆಳ್ಳಗೆ ಮಾಡಿದವನನ್ನ ಯಾರೂ ಕೇಳಲಿಲ್ಲ, ಗಂಡಿನ ಅತ್ತಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಫೋನ್ ಮಾತ್ರ ಅಣ್ಣನ ಕಪಾಟಿಗೆ ಹೋಯಿತು. ಅದರ ಜೊತೆ ಸ್ಕಾಲರ್‌ಶಿಪ್ ಅರ್ಜಿಯ ಓಟಿಪಿ ಹೋಯಿತು, ಕಾಲೇಜಿನ ಗ್ರೂಪ್ ಹೋಯಿತು, ಪೊಲೀಸ್ ಪರೀಕ್ಷೆಗೆ ಅಂತ ನೋಡ್ತಿದ್ದ ಯೂಟ್ಯೂಬ್ ಕ್ಲಾಸ್ ಹೋಯಿತು. “ಅಕ್ಕಾ, ಮುಖಾ ಹೆಂಗರ ಆಗಲಿ, ಫೋನ್ ಒಂದ್ ಕೊಡಸಾಕ ಹೇಳ” ಅಂತ ನನ್ನ ಹತ್ತಿರ ಅತ್ತಳು. ಜಗಳ ಮಾಡಿ ಎರಡು ತಿಂಗಳ ಮೇಲೆ ವಾಪಸ್ ಕೊಡಿಸಿದ್ದಾಯಿತು. ಆ ಎರಡು ತಿಂಗಳಲ್ಲಿ ಅರ್ಜಿ ಹಾಕೋ ಕೊನೆಯ ದಿನ ದಾಟಿತ್ತು.

ಅದಕ್ಕೇ ‘ಮೊಬೈಲ್ ಕೆಡಿಸಿತು’ ಅನ್ನೋ ಮಾತು ಕೇಳಿದರೆ ನನಗೆ ಭಯ. ನಗರದಲ್ಲಿ ಅದು ಸೆಮಿನಾರಿನ ವಿಷಯ, ಊರಲ್ಲಿ ಅದು ಹುಡುಗಿಯ ಕೈಯಿಂದ ಫೋನ್ ಕಸಿಯೋಕೆ ಪರವಾನಗಿ. ಅದೇ ಫೋನಿನಲ್ಲಿ ನಮ್ಮ ಕಡೆಯ ಹುಡುಗಿಯರು ನಮ್ಮದೇ ಭಾಷೆಯಲ್ಲಿ ನಗಿಸ್ತಾರೆ, ರೊಟ್ಟಿ ಚಟ್ನಿ ಮಾರ್ತಾರೆ, ಜಗತ್ತು ನೋಡ್ತಾರೆ. ಅವರ ತಮ್ಮಂದಿರು ಅದೇ ಫೋನಿನಲ್ಲಿ ಏನೇನು ನೋಡ್ತಾರೆ ಅಂತ ಯಾವ ಕಾಕಾನೂ ಕೇಳೋದಿಲ್ಲ. ಆಸ್ಟ್ರೇಲಿಯಾದವರು 2025ರ ಡಿಸೆಂಬರಿನಿಂದ 16ರೊಳಗಿನ ಮಕ್ಕಳಿಗೆ ಸೋಶಿಯಲ್ ಮೀಡಿಯಾ ಖಾತೆ ಬಂದ್ ಮಾಡಿದ್ದಾರೆ. ಸಣ್ಣ ಮಕ್ಕಳ ವಿಷಯದಲ್ಲಿ ಅದರ ಚರ್ಚೆ ಆಗಲಿ. ಆದರೆ ನಮ್ಮ ಹುಡುಗಿಗೆ ಗಂಡು ನೋಡೋಕೆ ಬರುವಾಗ ಇಪ್ಪತ್ತು ವರ್ಷ. ಅವಳಿಗೆ ಯಾವ ನಿಷೇಧ ಕಾಯುತ್ತೆ?

ನನಗೆ ಬೇಕಾದದ್ದು ದೊಡ್ಡ ಕ್ರಾಂತಿಯಲ್ಲ. ಚೀಟಿ ಇಲ್ಲದೆ ಸ್ಟೀರಾಯ್ಡ್ ಮಾರುವ ಅಂಗಡಿಯ ಲೈಸೆನ್ಸಿಗೆ ಕೈ ಹಾಕಲಿ, ಕಾನೂನು ಇದ್ದೇ ಇದೆ. ನಾರ್ವೆಯಲ್ಲಿ 2022ರಿಂದ, ಮೈಯ ಆಕಾರ, ಅಳತೆ, ಚರ್ಮ ತಿದ್ದಿದ ಜಾಹೀರಾತಿನ ಚಿತ್ರಕ್ಕೆ ‘ತಿದ್ದಿದ್ದು’ ಅಂತ ಗುರುತು ಹಾಕಲೇಬೇಕು, ದುಡ್ಡು ತಗೊಂಡು ಪೋಸ್ಟ್ ಹಾಕೋ ಇನ್‌ಫ್ಲುಯೆನ್ಸರ್‌ಗಳಿಗೂ ಅದೇ ನಿಯಮ. ಸಿಗರೇಟಿನ ಪ್ಯಾಕಿಗೆ ಚಿತ್ರ ಹಾಕಿಸಿದ ದೇಶಕ್ಕೆ ಇದು ಕಷ್ಟವಲ್ಲ. ಫೋನ್ ಮಾರೋರು ಬ್ಯೂಟಿ ಮೋಡನ್ನ ಆಫ್ ಮಾಡಿ ಕೊಡಲಿ, ಬೇಕಾದವರು ಆನ್ ಮಾಡಿಕೊಳ್ತಾರೆ.

ಇನ್ನು ಉಳಿದದ್ದು ನಿಮಗೆ. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೂತು ಇದನ್ನ ಓದ್ತಿರೋ ಹುಡುಗರಿಗೆ ಮುಖ್ಯವಾಗಿ. ನಿಮ್ಮ ಅವ್ವ, ಅತ್ತಿ ಹಳೇ ಕಾಲದವರು ಅಂತ ಜಾರಿಕೊಳ್ಳಬೇಡಿ. ಅವರು ಹುಡುಕ್ತಿರೋದು ನಿಮಗಾಗಿ, ನಿಮ್ಮ ಸಂಬಳ ತೋರಿಸಿ. ದೀಪಾವಳಿಗೆ ಊರಿಗೆ ಹೋದಾಗ ತಂಗಿ ಬಾಗಿಲು ತೆಗೆದರೆ, ಅವಳ ತೂಕ ಮತ್ತು ಬಣ್ಣ ಬಿಟ್ಟು ಬೇರೆ ಏನಾದರೂ ಮಾತಿನಿಂದ ಶುರು ಮಾಡಿ. ಹೆಣ್ಣು ನೋಡೋ ಮನೆಯಲ್ಲಿ ಯಾರಾದರೂ ಫೋಟೋ ತೆಗೆದು ಮುಖ ಅಳೆಯೋಕೆ ಶುರು ಮಾಡಿದರೆ, ನಿಮ್ಮ ಫೋನ್ ಜೇಬಿಗೆ ಹಾಕಿ “ಸಾಕು ಬಿಡ್ರಿ” ಅನ್ನಿ. ಮತ್ತೆ ಇವತ್ತೇ ನಿಮ್ಮ ಮ್ಯಾಟ್ರಿಮೊನಿ ಪ್ರೊಫೈಲ್ ತೆರೆದು, ಎಂಥ ಹುಡುಗಿ ಬೇಕು ಅನ್ನೋ ಕಡೆ ಬಣ್ಣದ ಬಗ್ಗೆ ಏನಾದರೂ ಬರೆದಿದ್ದರೆ ಅಳಿಸಿ.

ಅದೊಂದು ಮಾಡಿ ಬನ್ನಿ. ಅಲ್ಗಾರಿದಮ್ ಬಗ್ಗೆ ಆಮೇಲೆ ಮಾತಾಡೋಣ.